ಚೈನ್ ಸಾ ಕೆಳಗೆ ಎಣ್ಣೆ: ಸೋರುವ ಜಾಗ ಹುಡುಕಿದ ಹದಿನಾಲ್ಕು ದಿನ

ಬದುವಿನ ಬಳ್ಳಾರಿ ಜಾಲಿ ಕಡಿಸುವ ಕೆಲಸ ಅರ್ಧಕ್ಕೆ ಬಂದಿತ್ತು. ಏಪ್ರಿಲ್ ತಿಂಗಳು, ಸಿಂಧನೂರು ಕಡೆಯ ಬಿಸಿಲು ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ತಗಡಿನ ಶೆಡ್ಡಿನಿಂದ ಚೈನ್ ಸಾ, ಅಂದರೆ ಮರ ಕೊಯ್ಯುವ ಮಷಿನ್, ಎತ್ತಿಕೊಂಡರೆ ಕೆಳಗೆ ತಟ್ಟೆಯಗಲ ಎಣ್ಣೆ ನಿಂತಿತ್ತು. ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ ಬಾರ್ ಎನ್ನುತ್ತಾರೆ, ಅದಕ್ಕೂ ಚೈನಿಗೂ ಹೋಗುವ ಎಣ್ಣೆ ಬಾರ್ ಆಯಿಲ್. ಹಿಂದಿನ ದಿನ ಸಂಜೆ ತುಂಬಿಸಿ ಇಟ್ಟಿದ್ದ ಆ ಆಯಿಲ್ ಟ್ಯಾಂಕ್ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಆ ಸೋರಿಕೆ ನಿಲ್ಲಿಸಲು ಹದಿನಾಲ್ಕು ದಿನ ಹಿಡಿಯಿತು. ಮೊದಲ ದಿನವೇ ಒಂದು ಅಳತೆ ಮಾಡಿದ್ದರೆ ಬಾರಿಗೆ ಎಣ್ಣೆ ಕಳಿಸುವ ಪಂಪ್ ಬದಲಿಸುವ ಖರ್ಚು ಮತ್ತು ಐದಾರು ದಿನ ಉಳಿಯುತ್ತಿತ್ತು. ಆ ಅಳತೆ ಯಾವುದು ಎನ್ನುವುದನ್ನು ಎಲ್ಲರಿಗೂ ತಿಳಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮಷಿನ್ 58 ಸಿಸಿಯದು, ಬಾರ್ 22 ಇಂಚು, ಆಯಿಲ್ ಟ್ಯಾಂಕ್ 260 ಮಿ.ಲೀ., ಪೆಟ್ರೋಲ್ ಟ್ಯಾಂಕ್ 550 ಮಿ.ಲೀ. ನಮ್ಮ ಭಾಗದಲ್ಲಿ ಜಾಲಿ ಕಡಿಯುವವರ ಕೈಯಲ್ಲಿ ಹೆಚ್ಚಾಗಿ ಕಾಣುವ ಅಳತೆಯೇ ಇದು. ಬೇರೆ ಮಾಡೆಲ್ ಇದ್ದರೆ ನಟ್ಟು, ಸ್ಕ್ರೂಗಳ ಜಾಗ ಬದಲಾಗಬಹುದು, ಆದರೆ ಹುಡುಕುವ ದಾರಿ ಒಂದೇ.

ಮೊದಲು ಒಂದು ಮಾತು. ಚೈನ್ ಸಾ ನಿಲ್ಲಿಸಿದ ಮೇಲೆ ಸ್ವಲ್ಪ ಎಣ್ಣೆ ಇಳಿಯುವುದು ರೋಗವಲ್ಲ. ಓಡುವಾಗ ಬಾರಿನ ಗಾಡಿಯಲ್ಲಿ (ಚೈನ್ ಓಡುವ ಅಂಚಿನ ಸೀಳು), ಚೈನಿನ ಕೀಲುಗಳಲ್ಲಿ, ಕವರಿನ ಒಳಗೆ ತುಂಬಿಕೊಂಡ ಪುಡಿಯಲ್ಲಿ ಎಣ್ಣೆ ಇರುತ್ತದೆ. ಮಷಿನ್ ತಣ್ಣಗಾಗುವಾಗ ಅದು ಕೆಳಗೆ ಜಾರುತ್ತದೆ. ಒಂದೆರಡು ಚಮಚದಷ್ಟು ಬಿದ್ದರೆ ಏನೂ ಮಾಡಬೇಕಿಲ್ಲ. ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ಮಾತ್ರ ಚಿಂತೆ. ಹಾಗಾಗಿ ನೆಲದ ಕಲೆ ನೋಡಿ ಹೆದರಬೇಡಿ, ಟ್ಯಾಂಕ್ ನೋಡಿ. ಬಿದ್ದಿರುವುದು ಯಾವ ಎಣ್ಣೆ ಎನ್ನುವುದನ್ನೂ ಬೆರಳಿಗೆ ಹಚ್ಚಿ ನೋಡಬೇಕು. ಟುಟಿ (2ಟಿ) ಆಯಿಲ್ ಬೆರೆಸಿದ ಪೆಟ್ರೋಲ್ ಆದರೆ ವಾಸನೆ ಬರುತ್ತದೆ, ಬೇಗ ಆರಿ ತೆಳುವಾದ ಪೊರೆ ಉಳಿಯುತ್ತದೆ. ಬಾರ್ ಆಯಿಲ್ ಬೆರಳುಗಳ ನಡುವೆ ಎಳೆ ಎಳೆಯಾಗಿ ಅಂಟುತ್ತದೆ. ಪೆಟ್ರೋಲ್ ಸೋರುತ್ತಿದ್ದರೆ ಈ ಬರಹ ಬದಿಗಿಟ್ಟು ಮೊದಲು ಅದನ್ನು ನಿಲ್ಲಿಸಿ, ಅದು ಬೆಂಕಿಯ ವಿಷಯ.

ಎರಡನೇ ದಿನ ಇಡೀ ಮಷಿನ್ ತೊಳೆಯುವುದರಲ್ಲೇ ಹೋಯಿತು. ಎಣ್ಣೆ ಮೆತ್ತಿಕೊಂಡ ಮಷಿನ್‌ನಲ್ಲಿ ಸೋರಿಕೆ ಹುಡುಕಲು ಆಗುವುದಿಲ್ಲ, ಎಲ್ಲ ಕಡೆಯೂ ಒದ್ದೆಯೇ ಕಾಣುತ್ತದೆ. ಪ್ಲಗ್ ಕ್ಯಾಪ್ ಕಿತ್ತು, ಚೈನ್ ಬ್ರೇಕ್ ಬಿಡಿಸಿ, ಎರಡು ನಟ್ಟು ತೆಗೆದು ಕವರ್ ಕಳಚಿದೆ. ಈ ಮಾದರಿಯಲ್ಲಿ ಬ್ರೇಕಿನ ಪಟ್ಟಿ ಕವರಿನ ಒಳಗೇ ಇರುತ್ತದೆ. ಬ್ರೇಕ್ ಬಿಗಿದ ಸ್ಥಿತಿಯಲ್ಲಿ ಕವರ್ ತೆಗೆದರೆ ಮತ್ತೆ ಕ್ಲಚ್ ಡ್ರಮ್ಮಿನ ಮೇಲೆ ಕೂರಿಸುವುದು ದೊಡ್ಡ ಪಾಡು, ಇದನ್ನು ಮರೆಯಬೇಡಿ. ಒಳಗೆ ಜಾಲಿ ಪುಡಿ ಮತ್ತು ಎಣ್ಣೆ ಸೇರಿ ಎರೆ ಮಣ್ಣಿನ ಮುದ್ದೆಯ ಹಾಗೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದು, ಡೀಸೆಲ್ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಸೋಪಿನ ನೀರಿನಲ್ಲಿ ಒರೆಸಿ, ಬಿಸಿಲಿಗಲ್ಲ, ನೆರಳಿನಲ್ಲಿ ಒಣಗಿಸಿದೆ. ಪೆಟ್ರೋಲಿನಿಂದ ತೊಳೆಯಬೇಡಿ. ಒಳಗಿರುವ ರಬ್ಬರ್ ಭಾಗಗಳು ಉಬ್ಬುತ್ತವೆ, ಆಮೇಲೆ ಒಣಗಿ ಸೀಳುತ್ತವೆ.

ಬಾರನ್ನೂ ಬಿಡಲಿಲ್ಲ. ಅದರ ಬುಡದಲ್ಲಿರುವ ಎಣ್ಣೆ ತೂತು ಕಟ್ಟಿಕೊಂಡಿತ್ತು. ಗಾಡಿಯೊಳಗೂ ಒಣಗಿದ ಪುಡಿ ಕೂತಿತ್ತು. ಹಳೆಯ ಹ್ಯಾಕ್ಸಾ ಬ್ಲೇಡಿನ ತುಂಡು ಗಾಡಿಗೆ ಸರಿಯಾಗಿ ಇಳಿಯುತ್ತದೆ, ಬುಡದಿಂದ ತುದಿಗೆ ಎಳೆದರೆ ಸಾಕು. ತೂತು ಕಟ್ಟಿದ್ದರೆ ಪಂಪ್ ಕೊಡುವ ಎಣ್ಣೆ ಬಾರಿನ ಒಳಗೆ ಹೋಗಲಾರದೆ ಬಾರ್ ಮತ್ತು ಬಾಡಿಯ ನಡುವಿನಿಂದ ಕೆಳಗೆ ಸುರಿಯುತ್ತದೆ. ಇದೂ ಸೋರಿಕೆಯ ಹಾಗೇ ಕಾಣುತ್ತದೆ, ಆದರೆ ಮಷಿನ್ ಓಡುವಾಗ ಮಾತ್ರ. ಬೇರೆ ಕಂಪನಿಯ ಬಾರ್ ಹಾಕಿದಾಗಲೂ ಇದೇ ಆಗುತ್ತದೆ: ಬೋಲ್ಟಿನ ಸೀಳು ಕೂರುತ್ತದೆ, ಎಣ್ಣೆ ತೂತು ಮಾತ್ರ ಅರ್ಧ ಇಂಚು ಆಚೆ ಈಚೆ ಇರುತ್ತದೆ. ಹೊಸ ಬಾರ್ ತರುವಾಗ ಹಳೆಯದನ್ನು ಜೊತೆಗೆ ಒಯ್ದು ಒಂದರ ಮೇಲೊಂದು ಇಟ್ಟು ನೋಡಿ. ನನ್ನದು ನಿಂತಾಗ ಸೋರುತ್ತಿದ್ದುದರಿಂದ ಬಾರ್ ಕಾರಣವಲ್ಲ ಎಂದು ತಿಳಿಯಿತು. ಆದರೂ ಆ ಕಸ ತೆಗೆದಿದ್ದು ಮುಂದೆ ಉಪಯೋಗಕ್ಕೆ ಬಂತು.

ಒಣಗಿದ ಮೇಲೆ ಟ್ಯಾಂಕ್ ತುಂಬಿಸಿ, ಚೈನ್ ಮತ್ತು ಬಾರ್ ಹಾಕದೆ, ಮಷಿನ್ ಬುಡದ ಮೇಲೆ ನೆಟ್ಟಗೆ ಕೂರುವಂತೆ ರಟ್ಟಿನ ಮೇಲೆ ಇಟ್ಟೆ. ಕ್ಯಾಪಿನ ಸುತ್ತ, ಬಾರ್ ಕೂರುವ ಜಾಗದಲ್ಲಿ, ತಳದಲ್ಲಿ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. ಎಣ್ಣೆ ತಾಗಿದ ಕಡೆ ಪೌಡರ್ ಕಪ್ಪಾಗಿ ಗೆರೆ ಕಟ್ಟುತ್ತದೆ, ಬರಿಗಣ್ಣಿಗೆ ಕಾಣದ ಜಿನುಗೂ ಅದರಲ್ಲಿ ಸಿಗುತ್ತದೆ. ಎರಡು ಗಂಟೆಯ ಹೊತ್ತಿಗೆ ಕ್ಯಾಪಿನ ಸುತ್ತ ಪೌಡರ್ ಬೆಳ್ಳಗೇ ಇತ್ತು. ಕ್ಲಚ್ಚಿನ ಕೆಳಗಿನ ಮೂಲೆಯಿಂದ ಒಂದು ಕಪ್ಪು ಗೆರೆ ಇಳಿದಿತ್ತು. ಕ್ಯಾಪಿನ ಓರಿಂಗ್ (ರಬ್ಬರ್ ಬಳೆ) ಚಪ್ಪಟೆಯಾಗಿದ್ದರಿಂದ 10 ರೂಪಾಯಿ ಕೊಟ್ಟು ಅದನ್ನೂ ಬದಲಿಸಿದೆ. ಸೋರಿಕೆಗೆ ಅದು ಕಾರಣವಾಗಿರಲಿಲ್ಲ.

ಮೂರನೇ ದಿನ ಸಿಂಧನೂರಿಗೆ ಹೋದೆ. ರಿಪೇರಿ ಅಂಗಡಿಯವರು ಕ್ಲಚ್ ಕಡೆ ಒಮ್ಮೆ ನೋಡಿ, "ಪಂಪ್ ಹೋಗೈತ್ರಿ ಅಣ್ಣಾ, ಹೊಸಾದು ಹಾಕಿಬಿಡ್ರಿ, ನಿಂತು ಹೋಗ್ತದ" ಅಂದರು. ಪಂಪ್ ಅವರ ಹತ್ತಿರ ಇರಲಿಲ್ಲ, ಮರುದಿನ ಗಂಗಾವತಿಯಿಂದ ತರಿಸಿದರು. ಪಂಪಿಗೆ 240, ಕೂಲಿ 150. ಬಿಲ್ಲು ಮತ್ತು ವಾರಂಟಿ ಕಾರ್ಡ್ ಜೊತೆಗೆ ಒಯ್ದಿದ್ದೆ. ಕಾರ್ಡಿನ ಅವಧಿ ಮುಗಿದಿತ್ತು, ಆದರೆ ಅದರ ಮೇಲಿದ್ದ ಮಾಡೆಲ್ ನಂಬರಿನಿಂದ ಸರಿಯಾದ ಪಂಪ್ ಸಿಕ್ಕಿತು. ಬರೀ "58 ಸಿಸಿ" ಎಂದು ಹೇಳಿದರೆ ಸ್ಕ್ರೂ ತೂತು ಕೂಡದ ಪಂಪ್ ಬರುವ ಸಾಧ್ಯತೆ ಇದೆ. ಹಳೆಯ ಪಂಪ್ ಕೈಯಲ್ಲಿಟ್ಟುಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಪಂಪ್ ಬದಲಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಮನೆಯಲ್ಲಿ ಮಾಡುವವರಿಗಾಗಿ ಹೇಳುತ್ತೇನೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಒಂದು ಮೊಳ ನೈಲಾನ್ ಹಗ್ಗ ಸಿಲಿಂಡರಿನೊಳಗೆ ಇಳಿಸಬೇಕು, ತುದಿ ಹೊರಗೇ ಇರಲಿ. ಪಿಸ್ಟನ್ ಮೇಲೆ ಬಂದು ಹಗ್ಗಕ್ಕೆ ಒತ್ತಿ ನಿಲ್ಲುತ್ತದೆ, ಕ್ರ್ಯಾಂಕ್ ತಿರುಗುವುದಿಲ್ಲ. ಕ್ಲಚ್ ಉಲ್ಟಾ ಥ್ರೆಡ್: ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಸಡಿಲವಾಗುತ್ತದೆ. ಇದು ತಿಳಿಯದೆ ಪಾನಾಕ್ಕೆ ಪೈಪ್ ಹಾಕಿ ಜಗ್ಗಿ ಕ್ಲಚ್ ಮುರಿದವರಿದ್ದಾರೆ. ಕ್ಲಚ್ ಹಿಂದೆ ಡ್ರಮ್, ಅದರೊಳಗೆ ಸೂಜಿ ಬೇರಿಂಗ್, ಅದರ ಹಿಂದೆ ಪಂಪನ್ನು ತಿರುಗಿಸುವ ವರ್ಮ್ ಗಿಯರ್. ಡ್ರಮ್ ಹೊರಗಿದ್ದು ಸಣ್ಣ ಇ-ಕ್ಲಿಪ್ಪಿನಿಂದ ನಿಂತಿರುವ ಮಾಡೆಲ್‌ಗಳೂ ಇವೆ. ಅವುಗಳಲ್ಲಿ ಮೊದಲು ಕ್ಲಿಪ್ಪು, ಆಮೇಲೆ ಡ್ರಮ್, ಕೊನೆಗೆ ಕ್ಲಚ್. ವರ್ಮ್ ಗಿಯರ್ ಪ್ಲಾಸ್ಟಿಕ್ಕಿನದಾದರೆ ಹಲ್ಲು ನೋಡಿ. ಚೈನ್ ಬ್ರೇಕ್ ಬಿಗಿದಿರುವಾಗಲೇ ಎಕ್ಸಿಲೇಟರ್ ಒತ್ತಿದರೆ ಕ್ಲಚ್ ಬಿಸಿಯಾಗಿ ಈ ಗಿಯರ್ ಕರಗುತ್ತದೆ. ಹಾಗಾದಾಗ ಎಣ್ಣೆ ಸೋರುವುದಿಲ್ಲ, ಬರುವುದೇ ನಿಲ್ಲುತ್ತದೆ.

ಹೊಸ ಪಂಪ್ ಹಾಕಿಸಿಕೊಂಡು ಬಂದ ಮರುದಿನ ಬೆಳಿಗ್ಗೆ ರಟ್ಟಿನ ಮೇಲೆ ಮತ್ತೆ ಅದೇ ಕೆರೆ. ಬಹಳ ಬೇಸರವಾಯಿತು. ಆಳುಗಳಿಗೆ ಮೂರು ದಿನ ಬಿಟ್ಟು ಬನ್ನಿ ಎಂದಿದ್ದೆ, ಅವರು ಬೇರೆ ಕಡೆ ಕೆಲಸ ಹಿಡಿದರು.

ಅಳತೆಯ ಯೋಚನೆ ಬಂದದ್ದು ಆ ಹೊತ್ತಿಗೆ. ಟ್ಯಾಂಕಿನಲ್ಲಿ ಉಳಿದ ಎಣ್ಣೆಯನ್ನು ಗೆರೆ ಹಾಕಿದ ಅಳತೆ ಡಬ್ಬಿಗೆ ಸುರಿದರೆ 150 ಮಿ.ಲೀ. ಬಂತು. ಹಾಕಿದ್ದು ಪೂರ್ತಿ 260. ಹೋಗಿದ್ದು 110. ಆ ರಾತ್ರಿ 200 ಮಿ.ಲೀ. ಮಾತ್ರ ಹಾಕಿಟ್ಟೆ. ಬೆಳಿಗ್ಗೆ ಉಳಿದಿದ್ದು ಮತ್ತೆ 150. ಮೂರನೇ ರಾತ್ರಿ 150 ಹಾಕಿಟ್ಟರೆ ಬೆಳಿಗ್ಗೆ ಹೆಚ್ಚೂ ಕಡಿಮೆ ಅಷ್ಟೇ ಇತ್ತು, ರಟ್ಟಿನ ಮೇಲೆ ನಾಲ್ಕೈದು ಹನಿ. ಎಷ್ಟೇ ಹಾಕಿದರೂ ಸೋರಿಕೆ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಕೊಡಪಾನದ ಹೊಟ್ಟೆಯಲ್ಲಿ ತೂತಿದ್ದರೆ ನೀರು ಆ ತೂತಿನ ಮಟ್ಟದವರೆಗೆ ಇಳಿದು ನಿಲ್ಲುತ್ತದಲ್ಲ, ಇದೂ ಹಾಗೆಯೇ. ಎಣ್ಣೆ ಪಂಪಿನ ಮೂಲಕ ಬಾರ್ ಕಡೆ ಜಾರುತ್ತಿದ್ದರೆ ಬಾರ್ ಪಕ್ಕದ ಎಣ್ಣೆ ರಂಧ್ರದ ಮಟ್ಟದವರೆಗೂ ಇಳಿಯಬಹುದಿತ್ತು. ಈ ಮಷಿನ್‌ನಲ್ಲಿ ಆ ರಂಧ್ರ ಬಹಳ ಕೆಳಗಿದೆ. ತಳದಲ್ಲಿ ಬಿರುಕಿದ್ದರೆ ಟ್ಯಾಂಕ್ ಪೂರ್ತಿ ಖಾಲಿಯಾಗಬೇಕಿತ್ತು. ಎರಡೂ ಆಗಲಿಲ್ಲ. ಹಾಗಾದರೆ ತೂತು ಟ್ಯಾಂಕಿನ ಗೋಡೆಯಲ್ಲಿ, 150 ಮಿ.ಲೀ. ಎಣ್ಣೆ ನಿಲ್ಲುವ ಎತ್ತರದಲ್ಲಿ ಇದೆ. ಅಳೆಯುವ ಪ್ರತಿ ರಾತ್ರಿಯೂ ಮಷಿನ್ ಒಂದೇ ಭಂಗಿಯಲ್ಲಿ ಇರಬೇಕು. ಒಂದು ರಾತ್ರಿ ನೆಟ್ಟಗೆ, ಇನ್ನೊಂದು ರಾತ್ರಿ ಮಗ್ಗುಲಿಗೆ ಇಟ್ಟರೆ ಲೆಕ್ಕ ಸಿಗುವುದಿಲ್ಲ.

ಬಿಸಿಲಿನ ಮಾತನ್ನೂ ಇಲ್ಲೇ ಹೇಳಬೇಕು, ಯಾಕೆಂದರೆ ನಮ್ಮ ಕಡೆ "ಬ್ಯಾಸಿಗ್ಯಾಗ ಎಲ್ಲಾ ಮಷಿನ್ನೂ ಸೋರ್ತಾವು" ಎಂದು ಹೇಳಿ ಬಿಟ್ಟುಬಿಡುತ್ತಾರೆ. ಬಿಸಿಗೆ ಸೋರುವುದು ನಿಜ, ಆದರೆ ಅದಕ್ಕೆ ಲೆಕ್ಕ ಇದೆ. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗೆ 130 ಮಿ.ಲೀ. ಗಾಳಿ ಇರುತ್ತದೆ. ಬೆಳಗಿನ 25 ಡಿಗ್ರಿಯಿಂದ ಮಧ್ಯಾಹ್ನ ತಗಡಿನ ಕೆಳಗೆ 45 ಡಿಗ್ರಿಗೆ ಹೋದಾಗ ಗಾಳಿ ಸುಮಾರು ಶೇ. 7ರಷ್ಟು ಹಿಗ್ಗುತ್ತದೆ. ಅಂದರೆ ಒಂಬತ್ತು ಮಿ.ಲೀ. ಹತ್ತಿರ. ಟ್ಯಾಂಕಿನ ಗಾಳಿ ವಾಲ್ವ್ ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹಿಗ್ಗಿದ ಗಾಳಿ ಅಷ್ಟು ಎಣ್ಣೆಯನ್ನು ಪಂಪಿನ ಮೂಲಕ ಹೊರಗೆ ನೂಕುತ್ತದೆ. ರಾತ್ರಿ ತಣ್ಣಗಾದಾಗ ಹೊಸ ಗಾಳಿ ಒಳಗೆ ಬರುತ್ತದೆ, ಮರುದಿನ ಮತ್ತೆ ಅದೇ. ದಿನಕ್ಕೆ ಎರಡು ಚಮಚ ಎಣ್ಣೆ ಹೋಗುತ್ತಿದ್ದರೆ ಅದು ಬಿಸಿಲಿನ ಕೆಲಸ, ಶೆಡ್ಡಿನಿಂದ ಮನೆಯೊಳಗೆ ಇಟ್ಟರೆ ಸಾಕು. 110 ಮಿ.ಲೀ. ಹೋದರೆ ಬಿಸಿಲನ್ನು ದೂರಬೇಡಿ.

ಏಳನೇ ದಿನ ನಾನೇ ಕ್ಲಚ್ ಬಿಚ್ಚಿ, ಪಂಪ್ ಹೊರತೆಗೆದು, ಟಾರ್ಚ್ ಹಿಡಿದು ಕೂತೆ. ಪಂಪಿಗೆ ಎಣ್ಣೆ ತರುವ ರಬ್ಬರ್ ಪೈಪ್ ಟ್ಯಾಂಕಿನ ಗೋಡೆಯ ತೂತಿನಿಂದ ಹೊರಗೆ ಬರುತ್ತದೆ. ಆ ತೂತಿನಲ್ಲಿ ಬಿಗಿಯಾಗಿ ಕೂರಲು ಪೈಪಿಗೇ ದಪ್ಪನೆಯ ರಬ್ಬರ್ ಕಾಲರ್ ಅಚ್ಚು ಹಾಕಿರುತ್ತಾರೆ, ಬೇರೆ ವಾಷರ್ ಇರುವುದಿಲ್ಲ. ಅಲ್ಲಿ ಪೌಡರ್ ಹಾಕಿ, ಪೈಪಿನ ತುದಿಯನ್ನು ಬೋಲ್ಟಿನಿಂದ ಮುಚ್ಚಿ, ಟ್ಯಾಂಕ್ ತುಂಬಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ. ಕಾಲರಿನ ಕೆಳಗಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹನಿ ಮೂಡಿತು, ದಪ್ಪವಾಯಿತು, ಜಾರಿತು. ಅದೇ ಜಾಗದಲ್ಲಿ ಮತ್ತೊಂದು. ಉಗುರಿನಿಂದ ಒತ್ತಿದರೆ ಕಾಲರ್ ಬಾಗಲಿಲ್ಲ, ಹಳೆ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ಕಿತ್ತು ನೋಡಿದರೆ ಕಾಲು ಸುತ್ತಿನಷ್ಟು ಸೀಳು ಬಿಟ್ಟಿತ್ತು. ಅಲ್ಲಿಂದ ಇಳಿದ ಎಣ್ಣೆ ಪಂಪಿನ ಹಿಂದೆ ಹರಿದು, ಪಂಪಿನ ಎಣ್ಣೆ ಬೀಳುವ ಮೂಲೆಯಲ್ಲೇ ಹೊರಗೆ ಬರುತ್ತಿತ್ತು. ಅಂಗಡಿಯವರು ಪಂಪ್ ಎಂದಿದ್ದಕ್ಕೆ ಕಾರಣ ಅದೇ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ.

ಕಾಲರ್ ಯಾಕೆ ಗಟ್ಟಿಯಾಯಿತು ಎಂದರೆ ಎರಡು ವರ್ಷ ಅದಕ್ಕೆ ಸಿಕ್ಕಿದ್ದು ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್. ಅದು ದಪ್ಪವಾಗಿದ್ದಾಗ ಡೀಸೆಲ್ ಬೆರೆಸುತ್ತಿದ್ದುದೂ ಉಂಟು. ನಮ್ಮ ಭಾಗದಲ್ಲಿ ಬಹಳ ಜನ ಇದನ್ನೇ ಮಾಡುತ್ತಾರೆ, ದಯವಿಟ್ಟು ಬಿಡಿ. ಸುಟ್ಟ ಆಯಿಲ್‌ನಲ್ಲಿ ಕಬ್ಬಿಣದ ನುಣ್ಣನೆ ಪುಡಿ ಇರುತ್ತದೆ, ಪಂಪಿನ ಒಳಗೋಡೆ ಸವೆಯುತ್ತದೆ, ಫಿಲ್ಟರ್ ಕಟ್ಟುತ್ತದೆ. ಚೈನ್ ಆ ಎಣ್ಣೆಯನ್ನು ಕೊಯ್ಯುವವನ ಕೈ ಮುಖಕ್ಕೆ ಸಿಡಿಸುತ್ತದೆ, ಚರ್ಮಕ್ಕೆ ಅದು ವಿಷ. ಡೀಸೆಲ್ ಬೆರೆಸಿದರೆ ತೆಳುವಾಗಿ ಇನ್ನಷ್ಟು ಸೋರುತ್ತದೆ. ಬಾರ್ ಆಯಿಲ್ ಲೀಟರಿಗೆ ನನಗೆ 380 ರೂಪಾಯಿ ಬಿತ್ತು. ಅದರಲ್ಲಿ ಅಂಟು ಸೇರಿಸಿರುತ್ತಾರೆ, ಚೈನಿನಿಂದ ಅಷ್ಟಾಗಿ ಸಿಡಿದು ಹೋಗುವುದಿಲ್ಲ. ಸಿಗದಿದ್ದಾಗ ಹೊಸ 20ಡಬ್ಲ್ಯೂ-40 ಇಂಜಿನ್ ಆಯಿಲ್ ನಡೆಯುತ್ತದೆ, ಸ್ವಲ್ಪ ಹೆಚ್ಚು ಖರ್ಚಾಗುತ್ತದೆ ಅಷ್ಟೆ.

ಸೀಳಿದ ಜಾಗಕ್ಕೆ ಎಪಾಕ್ಸಿ ಮೆತ್ತಿ ಎಂದು ಇಬ್ಬರು ಹೇಳಿದರು. ಎಣ್ಣೆ ಕುಡಿದ ರಬ್ಬರಿಗೆ ಯಾವುದೂ ಹಿಡಿಯುವುದಿಲ್ಲ. ಕಳಚಿ ಬಂದ ಚೂರು ಪಂಪಿನೊಳಗೆ ಹೋದರೆ ಪಂಪೂ ಹೋಗುತ್ತದೆ. ಪೈಪ್ ಬದಲಿಸುವುದೊಂದೇ ದಾರಿ.

ಆ ಪೈಪ್ ಸಿಂಧನೂರಿನಲ್ಲೂ ಇಲ್ಲ, ಗಂಗಾವತಿಯಲ್ಲೂ ಇಲ್ಲ. ಹುಬ್ಬಳ್ಳಿಯ ಸ್ಪೇರ್ ಅಂಗಡಿಗೆ ಫೋನ್ ಮಾಡಿ, ಹಳೆಯ ಪೈಪನ್ನು ಸ್ಕೇಲಿನ ಪಕ್ಕ ಇಟ್ಟು ಫೋಟೊ ಕಳಿಸಿದೆ. ಪೈಪಿಗೆ 90, ಕೊರಿಯರಿಗೆ 80. ಬರಲು ಆರು ದಿನ. ಕಾಯುವಾಗ ಟ್ಯಾಂಕಿನೊಳಗೆ ಸೋಪಿನ ನೀರು ಹಾಕಿ ಕುಲುಕಿ ತೊಳೆದೆ, ತಳದಿಂದ ಕಪ್ಪು ಕೆಸರು ಬಂತು. ಪೂರ್ತಿ ಒಣಗುವವರೆಗೆ ಎಣ್ಣೆ ಹಾಕಬಾರದು, ನೀರು ಉಳಿದರೆ ಪಂಪ್ ತುಕ್ಕು ಹಿಡಿಯುತ್ತದೆ.

ಹದಿಮೂರನೇ ದಿನ ಪೈಪ್ ಬಂತು. ಕಾಲರಿಗೆ ಹೊಸ ಎಣ್ಣೆ ಸವರಿ, ಟ್ಯಾಂಕಿನ ಒಳಗಡೆಯಿಂದ ತಂತಿಯ ಕೊಕ್ಕೆಯಲ್ಲಿ ಎಳೆದು ಕೂರಿಸಿದೆ. ಕಾಲರಿನ ಗಾಡಿ ಗೋಡೆಯ ಅಂಚಿಗೆ ಸುತ್ತಲೂ ಕೂತಿದೆಯೇ ಎಂದು ಬೆರಳಾಡಿಸಿ ನೋಡಬೇಕು, ಒಂದು ಕಡೆ ಮಡಚಿಕೊಂಡಿದ್ದರೂ ಸೋರುತ್ತದೆ. ಒಳತುದಿಗೆ ಫಿಲ್ಟರ್ ಸಿಕ್ಕಿಸಿ, ಅದು ತಳ ಮುಟ್ಟುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ರಾತ್ರಿ 260 ತುಂಬಿಸಿಟ್ಟೆ. ಬೆಳಿಗ್ಗೆ ರಟ್ಟು ಒಣಗಿತ್ತು. ಆ ಸಂತೋಷ ದೊಡ್ಡದು.

ಕೆಲಸ ಶುರು ಮಾಡಿ ಕಾಲು ಗಂಟೆಗೆ ಚೈನಿನಿಂದ ಹೊಗೆ. ಕೂಡಲೇ ನಿಲ್ಲಿಸಿದೆ. ಟ್ಯಾಂಕಿನಲ್ಲಿ ಎಣ್ಣೆ ಇದೆ, ಪಂಪ್ ಹೊಸದು, ಪೈಪ್ ಹೊಸದು, ಬಾರ್ ಸ್ವಚ್ಛವಾಗಿದೆ. ಕ್ಯಾಪ್ ತಿರುಗಿಸಿದೆ, "ಸುಯ್" ಎಂದು ಗಾಳಿ ಒಳಗೆ ಎಳೆದುಕೊಂಡಿತು. ಮತ್ತೆ ಸ್ಟಾರ್ಟ್ ಮಾಡಿದರೆ ಎಣ್ಣೆ ಚೆನ್ನಾಗಿ ಬಂತು, ಕಾಲು ಗಂಟೆಗೆ ಮತ್ತೆ ನಿಂತಿತು. ಟ್ಯಾಂಕಿನ ಗಾಳಿ ವಾಲ್ವ್ ಕಟ್ಟಿಹೋಗಿತ್ತು. ಪಂಪ್ ಎಣ್ಣೆ ಎಳೆದಷ್ಟೂ ಒಳಗೆ ಗಾಳಿ ಬರಬೇಕು, ಬರದಿದ್ದರೆ ಟ್ಯಾಂಕಿನಲ್ಲಿ ಎಳೆತ ಹುಟ್ಟಿ ಪಂಪ್ ಸೋಲುತ್ತದೆ. ಇದು ಎಷ್ಟು ತಿಂಗಳಿನಿಂದ ಕಟ್ಟಿತ್ತೋ, ಸೀಳಿದ ಕಾಲರಿನಿಂದಲೇ ಗಾಳಿ ಒಳಗೆ ಹೋಗುತ್ತಿದ್ದುದರಿಂದ ಗೊತ್ತಾಗಿರಲಿಲ್ಲ. ಸೋರಿಕೆ ನಿಲ್ಲಿಸಿದ ಮೇಲೆ ಎಣ್ಣೆ ಬರುವುದು ನಿಂತರೆ ಹೊಸ ಪಂಪನ್ನು ಬಿಚ್ಚಲು ಹೋಗಬೇಡಿ, ಮೊದಲು ಕ್ಯಾಪ್ ಸಡಿಲಿಸಿ ಈ ಸದ್ದು ಕೇಳಿ.

ನನ್ನ ಮಷಿನ್‌ನಲ್ಲಿ ವಾಲ್ವ್ ಬಾರ್ ಕೂರುವ ಜಾಗದ ಹಿಂದೆ ಇದೆ. ಬಟನ್ನಿನಷ್ಟು ಸಣ್ಣದು, ಮೇಲೆ ಜಾಲಿ ಪುಡಿ ಸಿಮೆಂಟಿನ ಹಾಗೆ ಕೂತಿತ್ತು. ಸೂಜಿ ಚುಚ್ಚಬಾರದು. ಒಳಗಿನ ರಬ್ಬರ್ ತುಟಿ ಹರಿದರೆ ಎಣ್ಣೆ ಅಲ್ಲಿಂದಲೇ ಹೊರಗೆ ಬರಲು ಶುರುವಾಗುತ್ತದೆ. ಮೆಲ್ಲಗೆ ಮೀಟಿ ತೆಗೆದು, ಸೋಪಿನ ನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒಣಗಿಸಿದೆ. ಸಣ್ಣ ಪೈಪ್ ಸಿಕ್ಕಿಸಿ ಬಾಯಿಂದ ಊದಿದರೆ ಹೊರಗಿನಿಂದ ಒಳಕ್ಕೆ ಗಾಳಿ ಹೋಗಬೇಕು, ಒಳಗಿನಿಂದ ಹೊರಕ್ಕೆ ಬರಬಾರದು. ಎರಡೂ ಕಡೆ ಹೋದರೆ ವಾಲ್ವ್ ಬದಲಿಸಿ. ನನ್ನದು ತೊಳೆದದ್ದಕ್ಕೇ ಸರಿಹೋಯಿತು.

ಕೊನೆಯ ಪರೀಕ್ಷೆ ಕಡಿದ ಬೊಡ್ಡೆಯ ಮೇಲೆ. ಬಾರಿನ ತುದಿಯನ್ನು ಒಂದು ಗೇಣು ದೂರ ಹಿಡಿದು ಮುಕ್ಕಾಲು ಎಕ್ಸಿಲೇಟರ್ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ಬೊಡ್ಡೆಯ ಮೇಲೆ ಎಣ್ಣೆಯ ಗೆರೆ ಮೂಡಬೇಕು. ತುದಿ ಯಾವುದಕ್ಕೂ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಮಷಿನ್ ನಿಮ್ಮ ಕಡೆಗೇ ಒದೆಯುತ್ತದೆ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿದಾಗ ಆಯಿಲ್ ಟ್ಯಾಂಕಿನ ತಳದಲ್ಲಿ ಸ್ವಲ್ಪ ಉಳಿದಿದ್ದರೆ ಅಳತೆ ಸರಿ. ಮೊದಲೇ ಆಯಿಲ್ ಖಾಲಿಯಾದರೆ ಎಣ್ಣೆಯ ಪ್ರಮಾಣ ಹೊಂದಿಸುವ ತಳದ ಸ್ಕ್ರೂವನ್ನು ಕಡಿಮೆ ಮಾಡಿ, ಅರ್ಧ ಟ್ಯಾಂಕ್ ಉಳಿದರೆ ಹೆಚ್ಚು ಮಾಡಿ. ಒಮ್ಮೆಗೆ ಕಾಲು ಸುತ್ತು ಸಾಕು.

ಒಟ್ಟು 570 ರೂಪಾಯಿ, ಬಾರ್ ಆಯಿಲ್ ಸೇರಿ 950. ಅದರಲ್ಲಿ ನಿಜವಾಗಿ ಬೇಕಾಗಿದ್ದು ಪೈಪ್, ಕೊರಿಯರ್ ಮತ್ತು ಓರಿಂಗ್, 180 ರೂಪಾಯಿ. ಹಳೆಯ ಪಂಪನ್ನು ತೊಳೆದು ಎಣ್ಣೆ ಹಚ್ಚಿ ಇಟ್ಟಿದ್ದೇನೆ, ಅದು ಚೆನ್ನಾಗಿಯೇ ಇದೆ.

ಈಗ ಸಂಜೆ ಕೆಲಸ ಮುಗಿದ ಮೇಲೆ ಮಷಿನ್ ತಣ್ಣಗಾಗಲು ಬಿಟ್ಟು, ಆಯಿಲ್ ಕ್ಯಾಪ್ ಒಮ್ಮೆ ಸಡಿಲಿಸಿ ಒಳಗಿನ ಒತ್ತಡ ಬಿಟ್ಟು ಮತ್ತೆ ಬಿಗಿಯುತ್ತೇನೆ. ಕವರ್ ಕಳಚಿ ಪುಡಿ ತೆಗೆದು, ನೆಟ್ಟಗೆ ರಟ್ಟಿನ ಮೇಲೆ ಇಡುತ್ತೇನೆ, ತಗಡಿನ ಶೆಡ್ಡಿನಲ್ಲಿ ಅಲ್ಲ, ಪಡಸಾಲೆಯಲ್ಲಿ. ವಾರಗಟ್ಟಲೆ ಕೆಲಸವಿಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿಯೇ ಇಡಬೇಕು. ಇವತ್ತು ಬೆಳಿಗ್ಗೆ ರಟ್ಟಿನ ಮೇಲೆ ಇದ್ದಿದ್ದು ಹುಣಸೆ ಬೀಜದಷ್ಟು ಒಂದು ಕಲೆ, ಬಾರಿನ ಬುಡದ ನೇರಕ್ಕೆ.